ಅಬು ಇಯಾಸ್ ಹಾಕಿದ ಆಣೆ, ನಾನು ಓಡಿದ ಓಟ

ಅರಬ್ ನಾಡಿನ ನಮ್ಮ ಬೆಟ್ಟದೂರು ಸಾಲ್ತ್‌ನ ಗಂಡಸರಿಗೆ ತಲಾಕಿನ ಆಣೆ ಅಂದರೆ ಊಟಕ್ಕೆ ಉಪ್ಪಿದ್ದ ಹಾಗೆ. ಅತಿಥಿ ಇನ್ನೊಂದು ತುತ್ತು ಬೇಡ ಅಂದರೆ, "ನೀವು ತಿನ್ನದಿದ್ರೆ ನನ್ನ ಹೆಂಡ್ತಿಗೆ ತಲಾಕು" ಅನ್ನುತ್ತಾರೆ. ಇಸ್ಪೀಟಾಟದಲ್ಲಿ ಎಲೆ ಕದ್ದಿಲ್ಲ ಅನ್ನುವುದಕ್ಕೂ ಅದೇ ಆಣೆ. ಆ ಹೊತ್ತಿಗೆ ಹೆಂಡತಿ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿರುತ್ತಾಳೆ. ತಾನು ದಿನಕ್ಕೆ ಎಷ್ಟು ಸಲ ಬೀದಿಗೆ ಬಿದ್ದು ಮತ್ತೆ ಮನೆ ಸೇರಿದೆ ಅನ್ನುವುದು ಪಾಪ ಅವಳಿಗೇ ಗೊತ್ತಿರುವುದಿಲ್ಲ.

ನನ್ನ ಗಂಡ ನವ್ವಾಫ್ ಇದರಲ್ಲಿ ಎತ್ತಿದ ಕೈ. ಹಿರಿಮಗ ಇಯಾಸ್ ಹುಟ್ಟಿದ ಮೇಲೆ ಊರಿಗೆಲ್ಲ ಇವರು ಅಬು ಇಯಾಸ್, ಅಂದರೆ ಇಯಾಸನ ಅಪ್ಪ; ನಾನು ಉಮ್ ಇಯಾಸ್, ಅವನ ಅಮ್ಮ. ಸಿಹಿತಿಂಡಿ ಅಂಗಡಿ ಇವರದು. ಕುನಾಫೆಯ ತಟ್ಟೆ ಒಲೆಯಿಂದ ಇಳಿದಾಗಲೆಲ್ಲ ರುಚಿ ನೋಡಿ ನೋಡಿ ಹೊಟ್ಟೆ ಒಂದು ಗೇಣು ಮುಂದೆ ಬಂದಿದೆ. ಮನುಷ್ಯ ಒಳ್ಳೆಯವರೇ. ನಾಲಿಗೆಗೆ ಮಾತ್ರ ಮೂಗುದಾರವಿಲ್ಲ.

ಅವತ್ತು ಶುಕ್ರವಾರ. ನನ್ನ ತಾಯಿಯ ಮನೆಯಲ್ಲಿ ಎಲ್ಲರೂ ಮನ್ಸಫ್ ತಟ್ಟೆಯ ಸುತ್ತ ಕೂತಿದ್ದರು. ಅನ್ನ, ಕುರಿಮಾಂಸದ ಮೇಲೆ ಸುರಿಯುವ ಬಿಸಿ ಮೊಸರಿನ ಸಾರಿನ ಪಾತ್ರೆ ನನ್ನ ಕೈಯಲ್ಲಿತ್ತು. ಸೈನ್ಯದಲ್ಲಿರುವ ನನ್ನ ತಮ್ಮ ರಾಕಾನ್ ಹೊಸ ಸುದ್ದಿ ತಂದಿದ್ದ. ವಸಂತದಲ್ಲಿ ಕೆಳಗಿನ ಕಣಿವೆಯಲ್ಲಿ ಅಡೆತಡೆ ಓಟವಂತೆ. ಕೆಸರಿನಲ್ಲಿ ತೆವಳಬೇಕು, ಮೂಟೆ ಹೊರಬೇಕು, ಸರಳು ಹಿಡಿದು ನೇತಾಡುತ್ತ ದಾಟಬೇಕು, ಕೊನೆಗೆ ಎತ್ತರದ ಹಲಗೆ ಗೋಡೆ ಹತ್ತಿ ಇಳಿಯಬೇಕು. ಗಂಡಸರು ಹೆಂಗಸರು ಯಾರು ಬೇಕಾದರೂ ಓಡಬಹುದು.

"ನಾನೂ ಬರ್ತೀನಿ" ಅಂದರು ಇವರು, ಬಾಯಿ ತುಂಬ ಅನ್ನ ಇಟ್ಟುಕೊಂಡು.

"ಬನ್ನಿ ಭಾವ. ನಿಮ್ಮ ಹೊಟ್ಟೆ ಬೆಳಿಗ್ಗೇನೇ ಮುಟ್ಟತ್ತೆ, ಹಿಂದಿಂದ ನೀವು ಸಂಜೆ ನಮಾಜಿಗೆ ಬಂದು ಸೇರ್ಕೊಳಿ" ಅಂದ ರಾಕಾನ್. "ಕೆಸರಿಂದ ಎತ್ತೋಕೆ ಕ್ರೇನು ನಾನು ತರಿಸ್ತೀನಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಇವರ ಕಿವಿ ಕೆಂಪಾಯಿತು. ತಟ್ಟೆಯ ಪಕ್ಕ ನೆಲಕ್ಕೆ ಗುದ್ದಿದರು.

"ಆ ಓಟಾನ ನಾನು ಮುಗಿಸ್ತೀನಿ ಕಣೋ! ಯಾರ ಕೈಯೂ ಹಿಡೀದೆ, ಯಾರೂ ಎತ್ತದೆ ಮುಗಿಸ್ತೀನಿ. ಇಲ್ದಿದ್ರೆ ನನ್ನ ಹೆಂಡ್ತಿಗೆ ತಲಾಕು, ತಲಾಕು, ತಲಾಕು!"

ನಾನು ಅಲ್ಲೇ ನಿಂತಿದ್ದೆ. ಬೇರೆ ದಿನಗಳಲ್ಲಿ ಅಡುಗೆಮನೆಯಲ್ಲಿ ಇರುತ್ತಿದ್ದವಳು ಅವತ್ತು ಎದುರಿಗೇ, ಸಾರಿನ ಪಾತ್ರೆ ಹಿಡಿದುಕೊಂಡು. ಅಮ್ಮ "ಅಸ್ತಗ್ಫಿರುಲ್ಲಾ, ದೇವರೇ ಕ್ಷಮಿಸು" ಅಂದಳು. ಉಳಿದವರೆಲ್ಲ ಅನ್ನ ನೋಡುತ್ತಿದ್ದರು. ಇವರು ಮಾತ್ರ ನನ್ನ ಕಡೆ ತಟ್ಟೆ ತೋರಿಸಿ, "ಉಮ್ ಇಯಾಸ್, ಇಲ್ಲಿಗೆ ಇನ್ನೊಂದು ಸ್ವಲ್ಪ ಸುರಿ" ಅಂದರು. ಆ ಸಾರನ್ನು ಎಲ್ಲಿ ಸುರಿಯಬೇಕು ಅನ್ನಿಸಿತ್ತು ಅಂತ ನಾನು ಇಲ್ಲಿ ಹೇಳುವುದಿಲ್ಲ.

ಮರುದಿನ ಅಮ್ಮನ ಒತ್ತಾಯಕ್ಕೆ ಇಬ್ಬರೂ ಮಸೀದಿಯ ಗುರುಗಳಾದ ಶೇಖ್ ಅವರ ಹತ್ತಿರ ಹೋದೆವು. ಶೇಖರು ಕಣ್ಣು ಮುಚ್ಚಿಕೊಂಡು ಕೇಳಿದರು.

"ಹೆಂಡ್ತಿನ ಬಿಡೋ ಮನಸ್ಸಿತ್ತೇನಯ್ಯಾ?"

"ಅಯ್ಯೋ, ಎಲ್ಲಾದ್ರೂ ಉಂಟಾ ಶೇಖರೇ! ಸಿಟ್ಟಲ್ಲಿ ಬಂದ ಮಾತು."

"ಹಾಗಾದ್ರೆ ಅದು ತಲಾಕಲ್ಲ, ಬರೀ ಆಣೆ. ಆಣೆ ತಪ್ಪಿದ್ರೆ ಹತ್ತು ಜನ ಬಡವರಿಗೆ ಊಟ ಹಾಕು. ಇನ್ಮೇಲೆ ನಾಲಿಗೆ ಬಿಗಿ ಹಿಡಿ."

ಹೊರಗೆ ಬಂದಾಗ ಇವರ ಮುಖ ಹುಣ್ಣಿಮೆ. "ನೋಡಿದ್ಯಾ? ಹತ್ತು ತಟ್ಟೆ ಊಟ, ಕಥೆ ಮುಗೀತು. ಓಡೋದೂ ಬೇಡ, ಬೀಳೋದೂ ಬೇಡ."

ನಾನು ಮೆಟ್ಟಿಲ ಮೇಲೆ ನಿಂತುಬಿಟ್ಟೆ. "ಅಂದ್ರೆ ನಾನು ಹತ್ತು ತಟ್ಟೆ ಊಟ?"

"ಹಾಗಲ್ಲ ಮಾರಾಯ್ತಿ..."

"ಶೇಖರು ನಿಮ್ಮನ್ನ ಬಿಟ್ರು. ನಾನು ಬಿಟ್ಟಿಲ್ಲ. ನನ್ನನ್ನ ಕೇಳದೆ ಪಣಕ್ಕೆ ಇಟ್ಟಿದ್ದೀರಿ, ಈಗ ಓಡಿ. ಓಡದೆ ಹತ್ತು ತಟ್ಟೆ ಹಿಡ್ಕೊಂಡು ಬಂದ್ರೆ ನಿಮ್ಮ ಆಣೆನ ನಾನು ನಿಜ ಮಾಡ್ತೀನಿ. ಅಮ್ಮನ ಮನೆ ಇಲ್ಲೇ ಮೂರು ಗಲ್ಲಿ ಆಚೆ."

"ಹುಚ್ಚಾ ನಿಂಗೆ?"

"ಇನ್ನೊಂದು ಹುಚ್ಚು ಕೇಳಿ. ನಾನೂ ಓಡ್ತೀನಿ. ನನ್ನನ್ನ ಎಂಥ ಗೋಡೆ ಮೇಲೆ ಇಟ್ಟಿದ್ದೀರಿ ಅಂತ ನಾನೇ ಹತ್ತಿ ನೋಡ್ಬೇಕು."

ಹೇಳುವುದು ಸುಲಭ. ಬಸ್ಸಿನ ಹಿಂದೆ ಓಡಿದ್ದು ಬಿಟ್ಟರೆ ನಾನು ಜನ್ಮದಲ್ಲಿ ಓಡಿದವಳಲ್ಲ. ನಮ್ಮೂರಿನಲ್ಲಿ ಬೀದಿಗಿಂತ ಮೆಟ್ಟಿಲೇ ಹೆಚ್ಚು. ಮೊದಲ ಬೆಳಿಗ್ಗೆ ಫಜರ್ ನಮಾಜು ಮುಗಿಸಿ, ಉದ್ದ ಅಂಗಿ, ಮಗನ ಹಳೆ ಬೂಟು ಹಾಕಿಕೊಂಡು ಬೆಟ್ಟದ ಮೆಟ್ಟಿಲು ಏರತೊಡಗಿದೆ. ಅರ್ಧಕ್ಕೆ ಬಂದಾಗ ಎದೆಯೊಳಗೆ ಯಾರೋ ಬಾಗಿಲು ಬಡಿಯುತ್ತಿದ್ದರು. ಇವರು ನನಗಿಂತ ಕೆಳಗೆ, ಗೋಡೆ ಹಿಡಿದು ಏದುಸಿರು ಬಿಡುತ್ತಿದ್ದರು. ಬಾಲ್ಕನಿಯಲ್ಲಿ ಚಾಪೆ ಕೊಡವುತ್ತಿದ್ದ ನೆರೆಮನೆಯ ಉಮ್ ಗಸ್ಸಾನ್ ಬಗ್ಗಿ ನೋಡಿದಳು.

"ಏನಮ್ಮಾ ಉಮ್ ಇಯಾಸ್, ಕಳ್ಳ ಬಂದ್ನಾ? ನೀನು ಅವನನ್ನ ಅಟ್ಟಿಸ್ಕೊಂಡು ಹೋಗ್ತಿದೀಯೋ, ಅವನೇ ನಿನ್ನನ್ನೋ?"

"ಕಳ್ಳ ಮನೆಯವನೇ, ಕೆಳಗಡೆ ನೋಡು" ಅಂದೆ.

ಅವಳು ಚಾಪೆ ಬಿಟ್ಟು ನಕ್ಕಳು. ಸಂಜೆಯೊಳಗೆ ಆಣೆಯ ಕಥೆ ಇಡೀ ಬೆಟ್ಟಕ್ಕೆ ಗೊತ್ತಾಯಿತು. ಅಂಗಡಿಗೆ ಬಂದವರೆಲ್ಲ ಕುನಾಫೆ ತಿನ್ನುತ್ತ, "ಅಬು ಇಯಾಸ್, ಬೇರೆ ಹೆಣ್ಣು ನೋಡ್ಲಾ?" ಅಂತ ಕೇಳತೊಡಗಿದರು. ಇವರಿಗೂ ಛಲ ಬಂತು. ರುಚಿ ನೋಡುವ ಕೆಲಸ ಬೇರೆಯವರಿಗೆ ಒಪ್ಪಿಸಿದರು.

ಮಹಡಿಯ ಮೇಲಿನ ದ್ರಾಕ್ಷಿ ಚಪ್ಪರಕ್ಕೆ ಕಬ್ಬಿಣದ ಕೊಳವೆಗಳಿವೆ. ಚಳಿಗಾಲ, ಬಳ್ಳಿ ಬೋಳಾಗಿತ್ತು. ಒಂದು ಕೊಳವೆ ಹಿಡಿದು ನೇತುಬಿದ್ದೆ. ಬಿಸ್ಮಿಲ್ಲಾ ಅನ್ನುವಷ್ಟರಲ್ಲಿ ಕೈಜಾರಿ ಕೂತುಬಿಟ್ಟೆ. ಮತ್ತೆ ನೇತುಬಿದ್ದೆ, ಮತ್ತೆ ಬಿದ್ದೆ. ಬೆರಳ ಬುಡದಲ್ಲಿ ಬೊಬ್ಬೆಗಳು ಎದ್ದು ಒಡೆದು ಮತ್ತೆ ಎದ್ದವು. ಪಾತ್ರೆ ತೊಳೆಯುವಾಗ ಕಣ್ಣಲ್ಲಿ ನೀರು ಬರುತ್ತಿತ್ತು, ಆದರೆ ಒಂದು ದಿನವೂ ಬಿಡಲಿಲ್ಲ. ಆಮೇಲೆ ಅಂಗಡಿಯ ಹಿಟ್ಟಿನ ಮೂಟೆ. ಅದನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತುವುದು, ಇಳಿಯುವುದು. ಮೊದಮೊದಲು ನಾಲ್ಕು ಮೆಟ್ಟಿಲಿಗೊಮ್ಮೆ ಮೂಟೆ ಇಳಿಸಿ ಅದರ ಮೇಲೇ ಕೂರುತ್ತಿದ್ದೆ. ದಿನ ಕಳೆದಂತೆ ಕಾಲಿಗೆ ಬುದ್ಧಿ ಬಂತು. ಒಂದು ಬೆಳಿಗ್ಗೆ ಮೂಟೆ ಹೊತ್ತು ನಿಲ್ಲದೆ ಮೇಲಿನ ಮೆಟ್ಟಿಲು ಮುಟ್ಟಿದಾಗ ಯಾರೂ ನೋಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ನಾಲಿಗೆ ಅಲುಗಿಸಿ ಜೋರಾಗಿ ಉಲಿ ಹಾಕಿದೆ, ನಮ್ಮ ಹೆಂಗಸರು ಮದುವೆಮನೆಯಲ್ಲಿ ಸಂತೋಷಕ್ಕೆ ಹಾಕುತ್ತಾರಲ್ಲ, ಹಾಗೆ. ಉಮ್ ಗಸ್ಸಾನ್ ಬಾಲ್ಕನಿಯಿಂದಲೇ ಇನ್ನೊಂದು ಉಲಿ ಹಾಕಿ ಉತ್ತರ ಕೊಟ್ಟಳು.

ನಮ್ಮಿಬ್ಬರ ನಡುವೆ ಮಾತು ಕಡಿಮೆಯಾಗಿತ್ತು. ಒಂದು ಸಂಜೆ ಇವರು ಆಲಿವ್ ಎಣ್ಣೆಯ ಬಟ್ಟಲು ತಂದು ನನ್ನ ಅಂಗೈ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಬೊಬ್ಬೆಗಳಿಗೆ ನಿಧಾನ ಎಣ್ಣೆ ಸವರುತ್ತ, "ಆಣೆ ಹಾಕಿದ್ದು ನಾನು. ನೀನ್ಯಾಕೆ ಕೈ ಸುಲಿಸ್ಕೋತೀಯ?" ಅಂದರು.

"ಸೋತ್ರೆ ಬೀದಿಗೆ ಬೀಳೋದು ಯಾರು? ನೀವಾ?"

"ಬಾಯ್ಮಾತು ಕಣೇ ಅದು."

"ನಿಮ್ಮ ಬಾಯಿಗೆ ಮಾತು. ನನಗೆ ಮನೆ."

ಇವರು ನನ್ನ ಇನ್ನೊಂದು ಅಂಗೈ ಎಳೆದುಕೊಂಡರು. ಎಣ್ಣೆ ಹಚ್ಚುವುದನ್ನು ನಿಲ್ಲಿಸಲಿಲ್ಲ. ನನಗೆ ಅಳು ಬಂತು, ಸಿಟ್ಟೂ ಬಂತು, ಎರಡನ್ನೂ ನುಂಗಿಕೊಂಡೆ.

ಓಟದ ದಿನ ಬೆಳಿಗ್ಗೆ ಕಣಿವೆಯಲ್ಲಿ ಕೆಂಪು ಮಣ್ಣು ಹಿಂದಿನ ದಿನದ ಮಳೆಗೆ ಅಂಟಂಟಾಗಿತ್ತು. ಸೀಟಿ ಊದಿದರು. ರಾಕಾನ್ ಬಾಣದ ಹಾಗೆ ಹೋಗಿಬಿಟ್ಟ. ನಾವಿಬ್ಬರೂ ಹಿಂದಿನ ಗುಂಪಿನಲ್ಲಿ. ಕೆಸರಿನ ಹೊಂಡದಲ್ಲಿ ತಂತಿಯ ಕೆಳಗೆ ತೆವಳುವಾಗ ಬಾಯಿ, ಮೂಗು ಎಲ್ಲ ಮಣ್ಣು. ಇವರ ಹೊಟ್ಟೆ ಕೆಸರಿನಲ್ಲಿ ಕಾಲುವೆ ತೋಡುತ್ತ ಬಂತು, ಆದರೆ ಬಂತು. ಮೂಟೆ ಹೊರುವಲ್ಲಿ ನಾನು ಇವರನ್ನು ಹಿಂದೆ ಹಾಕಿದೆ. ಸರಳುಗಳಲ್ಲಿ ನನ್ನ ಕೈ ಅರ್ಧದಲ್ಲಿ ಜಾರಿತು. ಬಿದ್ದವರು ಮೊದಲಿಂದ ಶುರು ಮಾಡಬೇಕು ಅಂದರು. ಶುರು ಮಾಡಿದೆ. ಎರಡನೆಯ ಸಲವೂ ಬಿದ್ದೆ. ಮೂರನೆಯ ಸಲ ಮನೆಯ ಚಪ್ಪರವನ್ನು ನೆನೆಸಿಕೊಂಡು, ಒಡೆದ ಬೊಬ್ಬೆಗಳ ಮೇಲೇ ಭಾರ ಹಾಕಿ, ಹಲ್ಲು ಕಚ್ಚಿ ಆಚೆ ತಲುಪಿದೆ. ಇವರೂ ಬಿದ್ದು ಎದ್ದು, ದೇವರನ್ನು ಬೈದು ದೇವರ ಹತ್ತಿರವೇ ಕ್ಷಮೆ ಕೇಳಿ, ಹೇಗೋ ದಾಟಿದರು. ಸುಳ್ಳು ಯಾಕೆ ಹೇಳಲಿ, ಆಗ ನನಗೆ ಇವರ ಮೇಲೆ ಹೆಮ್ಮೆ ಅನ್ನಿಸಿತು.

ಆಮೇಲೆ ಗೋಡೆ ಬಂತು.

ಎದ್ದುನಿಂತ ಒಂಟೆಯ ಬೆನ್ನಿಗಿಂತ ಎತ್ತರ, ನುಣುಪು ಹಲಗೆ, ಕೆಸರಿನ ಕಾಲುಗಳಿಂದ ಇನ್ನೂ ಜಾರು. ಅಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಎತ್ತಿ ದಾಟಿಸುತ್ತಿದ್ದರು. ಅದೇ ಅಲ್ಲಿನ ರೂಢಿ. ನನಗೇನು ಆಣೆಯೇ? ದಕ್ಷಿಣದ ಮಆನ್ ಊರಿನ ಕಡೆಯ ಒಬ್ಬಳು ಗಟ್ಟಿ ಹುಡುಗಿ ಮೊಣಕಾಲು ಕೊಟ್ಟಳು, "ಹತ್ತು ಅಕ್ಕಾ" ಅಂದಳು. ಅವಳ ಹೆಗಲು ತುಳಿದು ಮೇಲೆ ಹತ್ತಿ ಕುದುರೆ ಮೇಲೆ ಕೂತ ಹಾಗೆ ಕೂತೆ. ಕೆಳಗೆ ಇವರಿಗೂ ನಾಲ್ಕು ಜನ ಕೈಹಾಕಲು ಬಂದರು.

"ಮುಟ್ಬೇಡಿ! ಯಾರೂ ಮುಟ್ಬೇಡಿ! ತಲಾಕಿನ ಆಣೆ ಇದೆ!"

ನಾಲ್ವರೂ ಒಲೆ ಮುಟ್ಟಿದವರ ಹಾಗೆ ಹಿಂದೆ ಸರಿದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಇನ್ನೊಬ್ಬನ ಹೆಂಡತಿಯ ಮನೆ ಮುರಿದ ಪಾಪ ಯಾರಿಗೆ ಬೇಕು? ಹಿಂದೆ ಬಂದವರೂ ವಿಷಯ ತಿಳಿದು ದೂರ ನಿಂತರು. ಇವರು ಓಡಿಬಂದು ಹಾರಿದರು, ಬೆರಳು ಅಂಚಿಗೆ ತಾಗಿತು, ಜಾರಿ ಬಿದ್ದರು. ಮತ್ತೆ ಹಾರಿದರು, ಗಲ್ಲ ತರಚಿತು. ಮತ್ತೆ ಹಾರಿದರು. ಹಾರುವ ಎತ್ತರ ಪ್ರತಿಸಲವೂ ಕಡಿಮೆಯಾಗುತ್ತಿತ್ತು. ಓಟ ಮುಗಿಸಿದ್ದ ರಾಕಾನ್ ಆಚೆ ಬದಿಯಿಂದ ಬಂದು ನೋಡಿದ. ಅವನ ಮುಖದಲ್ಲಿ ನಗು ಇರಲಿಲ್ಲ.

ಕೊನೆಗೆ ಇವರು ಕೆಸರಿನಲ್ಲಿ ಕೂತುಬಿಟ್ಟರು. ನಾನು ಮೇಲಿಂದ ನೋಡುತ್ತಿದ್ದೆ. ಕೈ ಚಾಚಿದರೆ ಆಣೆ ಮುರಿಯುತ್ತದೆ. ಚಾಚದಿದ್ದರೆ ಓಟ ಮುಗಿಯುವುದಿಲ್ಲ, ಆಗಲೂ ಮುರಿಯುತ್ತದೆ. ಆಣೆಯ ಕಥೆ ಆಗಲೇ ಮುಗಿದಿತ್ತು. ಆದರೂ ನಾನು ಕೈ ಚಾಚಲಿಲ್ಲ. ಕೇಳದೆ ಕೊಟ್ಟೂ ಕೊಟ್ಟೂ ನನಗೆ ಸಾಕಾಗಿತ್ತು.

ಇವರು ತಲೆಯೆತ್ತಿದರು. ಅಷ್ಟು ಗಂಡಸರ ಎದುರು, ಉಮ್ ಇಯಾಸ್ ಅಲ್ಲ, ನನ್ನ ಹೆಸರು ಹಿಡಿದೇ ಕರೆದರು.

"ಹಿಯಾಮ್. ನನ್ನ ಕೈಲಿ ಆಗ್ತಿಲ್ಲ. ಕೈ ಕೊಡ್ತೀಯಾ?"

"ಇನ್ನೊಂದ್ಸಲ ನನ್ನನ್ನ ಪಣಕ್ಕೆ ಇಡ್ತೀರಾ?"

"ಇಲ್ಲ! ಇನ್ಮೇಲೆ ಆ ಮಾತು ನನ್ನ ಬಾಯಲ್ಲಿ ಬಂದ್ರೆ ನನ್ನ ಹೆಂಡ್ತಿಗೆ ತಲಾ..."

ಅಲ್ಲೇ ಕಚ್ಚಿಕೊಂಡರು. ಗುಂಪಿನಲ್ಲಿ ಯಾರೋ ಗೊಳ್ಳನೆ ನಕ್ಕರು. ಮಆನ್ ಹುಡುಗಿ ನೆಲಕ್ಕೆ ಕುಸಿದು ನಕ್ಕಳು. ನನಗೆ ನಗು ಬರಬಾರದಿತ್ತು, ಬಂದೇಬಂತು.

"ಬಾಯಿ ಮುಚ್ಚಿ, ಕೈ ಕೊಡಿ" ಅಂದೆ.

ಕಾಲುಗಳನ್ನು ಹಲಗೆಗೆ ಬಿಗಿದು, ಮೈಯೆಲ್ಲ ಕೆಳಗೆ ಬಾಗಿಸಿ ಎರಡೂ ಕೈ ಚಾಚಿದೆ. ಇವರು ಹಾರಿ ಹಿಡಿದರು. ಹೆಗಲು ಕಿತ್ತುಬರುವಂತಾಯಿತು. ಬೊಬ್ಬೆಯ ರಕ್ತ ಮೊಣಕೈವರೆಗೆ ಇಳಿಯಿತು. ಚಳಿಗಾಲವಿಡೀ ಎತ್ತಿದ ಹಿಟ್ಟಿನ ಮೂಟೆಗಳೆಲ್ಲ ಒಟ್ಟಿಗೆ ತೂಗುತ್ತಿದ್ದವು. ನಾನು ಬಿಡಲಿಲ್ಲ. ಇವರ ಗದ್ದ ಅಂಚಿಗೆ ಬಂತು, ಎದೆ ಬಂತು, ಕಡೆಗೆ ಆ ಹೊಟ್ಟೆಯೂ ಬಂತು. ಗೋಡೆಯ ಮೇಲೆ ಎದುರುಬದುರು ಕೂತು ಏದುಸಿರು ಬಿಟ್ಟೆವು.

"ಭಾವ, ಆಣೆ ಮುರೀತು" ಅಂದ ರಾಕಾನ್ ಕೆಳಗಿಂದ, ಹೆದರಿದ ದನಿಯಲ್ಲಿ.

ಇವರು ನನ್ನ ಮುಖವನ್ನೇ ನೋಡುತ್ತಿದ್ದರು. ಉತ್ತರ ಹೇಳಬೇಕಾದವರು ಇವರಲ್ಲ, ಶೇಖರೂ ಅಲ್ಲ, ನಾನು.

"ಮುರೀಲಿ" ಅಂದೆ. "ಹತ್ತು ಜನಕ್ಕೆ ಊಟ ನೀವೇ ಬೇಯಿಸಿ ಹಾಕಿ, ನಾನು ಪಾತ್ರೆ ಮುಟ್ಟಲ್ಲ. ಮನೇಲಿ ನಾನು ಇರ್ತೀನಿ. ನಿಮ್ಮ ಆಣೆ ಉಳೀತು ಅಂತ ಅಲ್ಲ, ಮುರೀತು ಅಂತಾನೂ ಅಲ್ಲ. ಇರ್ತೀನಿ ಅಂತ ನಾನು ಹೇಳ್ತಿದೀನಿ, ಅದಕ್ಕೆ."

ಇವರು ತಲೆಯಾಡಿಸಿದರು. ಕೆಸರಿನ ಮುಖದಲ್ಲಿ ಕಣ್ಣೀರು ಎರಡು ಗೆರೆ ಎಳೆದಿತ್ತು.

ಗೋಡೆಯಾಚೆ ಇಳಿದು ಮುಕ್ತಾಯದ ಗೆರೆಯವರೆಗೆ ಓಡುವುದು ಇನ್ನೂ ಬಾಕಿಯಿತ್ತು. ನಾನು ಮೊದಲು ಹಾರಿದೆ.