ಮುಳುಗುವ ಎಣ್ಣೆ

ಟ್ರಾನ್ಸ್‌ಫಾರ್ಮರ್ ರಿಪೇರಿ ಶೆಡ್ಡಿನವರು ಒಂಬತ್ತು ಪೀಪಾಯಿ ಹಳೆಯ ಎಣ್ಣೆಯನ್ನು ಕಾರ್ಮಿಕರ ವಠಾರದ ಕುಡಿಯುವ ನೀರಿನ ಬಾವಿಗೆ ಸುರಿದರು.

ವಠಾರದವರು ಜಗಳಕ್ಕೆ ಬಂದಾಗ ಮ್ಯಾನೇಜರ್ ಅವರನ್ನೇ ಬಾವಿಕಟ್ಟೆಗೆ ಕರೆದೊಯ್ದ. "ಬಗ್ಗಿ ನೋಡ್ರಪ್ಪಾ. ಎಣ್ಣೆ ಬಿದ್ದಿದ್ರೆ ತೇಲಬೇಕಿತ್ತಲ್ವಾ?" ನೀರು ಕನ್ನಡಿಯಂತಿತ್ತು. ಬಂದವರು ಪೆಚ್ಚಾದರು. ಶೆಡ್ಡಿನಲ್ಲಿ ಕಾಯಿಲ್ ಸುತ್ತುವವಳಿಗೆ ಮಾತ್ರ ಆ ಮಾತು ಗಂಟಲಲ್ಲಿ ಇಳಿಯಲಿಲ್ಲ. ವಠಾರದಲ್ಲೇ ಇದ್ದ ಅವಳ ಆರು ತಿಂಗಳ ಬಸುರಿ ಅಕ್ಕ ದಿನವೂ ಕುಡಿಯುತ್ತಿದ್ದುದು ಅದೇ ನೀರು.

ಶೆಡ್ಡಿನಲ್ಲಿದ್ದ ಖಾಲಿ ಪೀಪಾಯಿಯೊಂದರ ತಳದಲ್ಲಿ ಬೆರಳುದ್ದ ಎಣ್ಣೆ ಉಳಿದಿತ್ತು. ಅವಳು ಅದನ್ನು ಗಾಜಿನ ಲೋಟದ ನೀರಿಗೆ ತೊಟ್ಟಿಕ್ಕಿಸಿದಳು. ಹನಿ ಗೋಲಿಯಂತೆ ದುಂಡಗಾಗಿ ತಳಕ್ಕಿಳಿದು ಕೂತಿತು. ಕಡ್ಡಿಯಿಂದ ಕಲಕಿದರೆ ಚೂರುಚೂರಾಗಿ, ಮತ್ತೆ ತಳದಲ್ಲೇ ಒಟ್ಟುಗೂಡಿತು.

"ಮಾವಾ, ಇದ್ಯಾವ ಜಾತಿ ಎಣ್ಣೆ?"

ಸೋದರಮಾವನೇ ಶೆಡ್ಡಿನ ಮೇಸ್ತ್ರಿ. "ಹಳೇ ಕಾಲದ್ದು ಕಣೇ. ಸುಲಭಕ್ಕೆ ಬೆಂಕಿ ಹತ್ತಲ್ಲ, ಎಷ್ಟು ಕಾದ್ರೂ ಕೆಡಲ್ಲ. ಬಣ್ಣಕ್ಕೂ ಹಾಕ್ತಿದ್ರು, ನಕಲು ತೆಗೆಯೋ ಕಾಗದಕ್ಕೂ ಹಾಕ್ತಿದ್ರು. ನನ್ನ ಮಂಡಿಗಂತೂ ಇದೇ ಔಷಧಿ!"

"ಅಷ್ಟು ಕಾದ್ರೂ ಕೆಡದೇ ಇರೋದು ಹೊಟ್ಟೆಗೆ ಹೋದ್ರೆ ಕರಗುತ್ತಾ?"

"ನಿನ್ನ ನಾಲಿಗೆಗೆ ಒಂದು ಸುತ್ತು ಟೇಪ್ ಸುತ್ತಬೇಕು ನೋಡು."

ಅವಳು ತಾಮ್ರದ ತಂತಿಯೊಂದನ್ನು ಅಂಗಳದ ಸ್ಟೌವಿನಲ್ಲಿ ಕೆಂಪಗೆ ಕಾಯಿಸಿದಳು. ಎಣ್ಣೆಯಲ್ಲಿ ಅದ್ದಿ ಮತ್ತೆ ಉರಿಗೆ ಹಿಡಿದಳು. ನೀಲಿ ಉರಿ ಗಿಳಿಯ ರೆಕ್ಕೆಯಷ್ಟು ಹಸಿರಾಯಿತು.

"ಪ್ಲಾಸ್ಟಿಕ್ ಹೊದಿಕೆ ತಂತಿ ಸುಡುವಾಗ ನೀನೇ ಹೇಳಿದ್ದೆ ಮಾವ. ತಾಮ್ರದ ಜೊತೆ ಹಸಿರು ಉರಿದ್ರೆ ಕ್ಲೋರಿನ್ ಇದೆ, ಹತ್ತಿರ ನಿಲ್ಲಬೇಡ ಅಂತ."

ಮಾವನ ತಮಾಷೆ ಅಲ್ಲಿಗೇ ಆರಿತು. ಕೈ ತಾನಾಗಿ ಮಂಡಿಗೆ ಹೋಯಿತು.

ಮಾರನೆಯ ಬೆಳಿಗ್ಗೆ ವಠಾರದವರೆಲ್ಲ ನೋಡುತ್ತಿದ್ದಂತೆ ಮ್ಯಾನೇಜರ್ ಬಾವಿ ನೀರನ್ನು ಪರೀಕ್ಷೆಗೆ ಕಳಿಸುವ ಸೀಸೆಯನ್ನು ಅವಳ ಕೈಗೇ ಕೊಟ್ಟ. ಅವರ ಮನೆಮಗಳೇ ನೀರು ತೆಗೆದರೆ ಯಾರೂ ತಕರಾರು ಎತ್ತುವುದಿಲ್ಲವೆಂಬುದು ಅವನ ಲೆಕ್ಕಾಚಾರ. ಅವಳು ಸೀಸೆಗೆ ಹಗ್ಗವನ್ನೂ ಭಾರದ ನಟ್ಟನ್ನೂ ಕಟ್ಟಿದಳು, ಬಿರಡೆಗೆ ಬೇರೆಯದೇ ದಾರ ಕಟ್ಟಿದಳು. ಆ ದಾರ ಎಳೆದಾಗಲಷ್ಟೇ ಬಿರಡೆ ಕಳಚಿ ಸೀಸೆಗೆ ನೀರು ತುಂಬಬೇಕು.

ಸೀಸೆ ಮುಳುಗಿತೋ ಇಲ್ಲವೋ, ಮ್ಯಾನೇಜರ್ ಅವಸರಿಸಿದ. "ಸಾಕು, ಎಳಿ ದಾರ."

ಅವಳು ಹಗ್ಗ ಬಿಡುತ್ತಲೇ ಇದ್ದಳು.

"ಎಳಿ ಅಂದ್ನಲ್ಲ! ನಾಳೆ ಕೆಲಸ ಬೇಕೋ ಬೇಡ್ವೋ? ಮೇಸ್ತ್ರಿ, ಹೇಳಯ್ಯಾ ನಿನ್ನ ಸೊಸೆಗೆ!"

ಮಾವ ಬಾವಿಯೊಳಗೆ ಇಣುಕಿದ.

"ಇಲ್ಲಿ ಎಳೆಯಲ್ಲ ಸಾರ್," ಎಂದಳು. "ತಳ ಇನ್ನೂ ಸಿಕ್ಕಿಲ್ಲ."