ಠಾಣೆಗೆ ಒಂದು ಫೋನ್

ಶಾಸಕ ಸೂಗಪ್ಪನವರ ಶಹಾಪುರದ ಮನೆಯಲ್ಲಿ ನನ್ನದು ಟೈಪಿಂಗ್ ಕೆಲಸ. ಡಿಗ್ರಿ ಮುಗಿಸಿ, ಹೆಚ್ಚು ಮಾತಾಡಬೇಕಿಲ್ಲದ ಕೆಲಸ ಹುಡುಕುತ್ತಿದ್ದೆ, ಸಿಕ್ಕಿತು. ಆ ಮನೆಗೆ ಜನವೇ ಬರುವುದಿಲ್ಲ.

ಮೊದಲು ಬರುತ್ತಿದ್ದರಂತೆ. ಯಾದಗಿರಿ ಕೋರ್ಟಿನಲ್ಲಿ ವಕೀಲರಾಗಿದ್ದ ಇವರು, ಚುನಾವಣೆ ಗೆದ್ದ ದಿನವೇ, ಯಾರನ್ನೂ ಬಿಡಿಸಲು ಠಾಣೆಗೆ ಫೋನ್ ಮಾಡುವುದಿಲ್ಲ ಎಂದುಬಿಟ್ಟರು. ಶಾಸಕನೆಂದರೆ ಅದೊಂದು ಫೋನ್ ಎಂದು ನಂಬಿದ ಜನ ದೂರವಾದರು. ಓಟು ಹಾಕುತ್ತಾರೆ, ಮನೆಗೆ ಬರುವುದಿಲ್ಲ. ಅಧಿವೇಶನ ಬಂದರೆ ಇವರ ಪ್ರಶ್ನೆಗಳೆಲ್ಲ ಗೃಹ ಸಚಿವರಿಗೇ: ಕೊಲೆ ಎಷ್ಟು, ಹಲ್ಲೆ ಎಷ್ಟು, ಕಾಣೆಯಾದ ಹೆಣ್ಣುಮಕ್ಕಳು ಎಷ್ಟು. ಹೆಂಡತಿ ತೀರಿದ ಮೇಲೆ ಮನಸ್ಸು ಬಿಚ್ಚಿ ಮಾತಾಡಲು ಉಳಿದವಳು ಸುರಪುರಕ್ಕೆ ಕೊಟ್ಟ ತಂಗಿ ಗುರುದೇವಿ ಒಬ್ಬಳೇ.

ನಿನ್ನೆ ಮಧ್ಯಾಹ್ನ ಆಕೆ ಬಂದಳು. ಮಗ ಬಸು, ಟಂಟಂ ಆಟೋ ಓಡಿಸುವ ಮೌಲಾಲಿಯ ತಲೆ ಒಡೆದು ಸುರಪುರ ಠಾಣೆಯಲ್ಲಿದ್ದ.

"ನಿನ್ನ ಸ್ವಂತ ಅಳಿಯ ಅದಾನ, ಅಣ್ಣಾ. ಒಂದು ಫೋನ್ ಹಚ್ಚು."

"ವಕೀಲನ್ನ ಇಟ್ಟು ಕೊಡ್ತೀನಿ. ಫೋನ್ ಹಚ್ಚಂಗಿಲ್ಲವ್ವ. ಮೌಲಾಲಿಗೆ ಹನ್ನೊಂದು ಹೊಲಿಗಿ ಬಿದ್ದಾವ, ನಾನs ನೋಡಿ ಬಂದೀನಿ."

"ಅಂವನ್ನ ನೋಡಾಕ ಹೋಗಿದ್ದಿ. ಬಸೂನ್ನ ನೋಡಾಕ ಹೋಗಲಿಲ್ಲ."

ಆಕೆ ಎದ್ದಳು. ತವರಿನಿಂದ ಹೊರಟ ಹೆಣ್ಣುಮಗಳನ್ನು ಉಡಿ ತುಂಬದೆ ಕಳಿಸುವಂತಿಲ್ಲ. ಆ ಮನೆಯಲ್ಲಿ ತುಂಬಲು ಹೆಂಗಸರಿಲ್ಲ. ಸೂಗಪ್ಪನವರೇ ಒಳಗೆ ಹೋಗಿ ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ ಇಟ್ಟುಕೊಂಡು ಬಂದು ನನ್ನತ್ತ ನೋಡಿದರು. ಮೊರ ಇಸಿದುಕೊಂಡು ಆಕೆಯ ಮುಂದೆ ಹಿಡಿದೆ.

ಗುರುದೇವಿ ಸೆರಗು ಒಡ್ಡಲಿಲ್ಲ.

"ತವರುಮನಿ ಇದ್ದವರಿಗೆ ತುಂಬವಾ," ಎಂದು ನನಗೆ ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಸಂಜೆಯೊಳಗೆ ಅಧಿವೇಶನದ ಪ್ರಶ್ನೆ ಕಳಿಸಬೇಕಿತ್ತು: ಜಿಲ್ಲೆಯ ಹಲ್ಲೆ ಪ್ರಕರಣಗಳು, ತಾಲ್ಲೂಕುವಾರು. ಟೈಪ್ ಮಾಡಿ ಕೊಟ್ಟೆ. ಕನ್ನಡಕ ಏರಿಸಿ ಓದಿದರು.

"ಸುರಪುರ ಎಲ್ಲಿ ಹೋತವ್ವ?"

ಬೇಕೆಂದೇ ಬಿಟ್ಟಿದ್ದೆ. ಬಸುವಿನ ಪ್ರಕರಣವೂ ಆ ಲೆಕ್ಕದಲ್ಲಿ ಬರುತ್ತಿತ್ತು.

"ಸೇರಿಸು," ಎಂದರು. ಬಹಳ ಹೊತ್ತು ಹಾಳೆ ಕೆಳಗಿಡಲಿಲ್ಲ. "ನಾಗರಪಂಚಮಿ ಹಬ್ಬಕ್ಕ ಆಕಿನ್ನ ಕರಿಯಾಕ ನಾನs ಹೋಗಬೇಕು. ಬಾಗ್ಲಾ ತೆಗೀತಾಳೋ ಇಲ್ಲೋ."

ನನ್ನನ್ನು ಕೇಳಿದರೋ ಏನೋ, ತಿಳಿಯಲಿಲ್ಲ. ಸುರಪುರ ಸೇರಿಸಿದೆ. ಅವರು ಸಹಿ ಹಾಕುವವರೆಗೂ ಪಕ್ಕದಲ್ಲೇ ನಿಂತಿದ್ದೆ.