ಇಲ್ಲವೆಂದು ಬರೆದಿಟ್ಟದ್ದು

ಫ್ಯಾನಿನ ಗಾಳಿಗೆ ಹಾಳೆ ಏಳುತ್ತದೆ, ಬೀಳುತ್ತದೆ, ಅವಳು ಅದರ ಮೇಲೆ ಸ್ಟೇಪ್ಲರ್ ಇಟ್ಟಳು, ಪರದೆಯಲ್ಲಿ ಮತ್ತೆ ಅದೇ ಸಾಲು — ಲೈಬ್ರರಿ ಸಿಗಲಿಲ್ಲ — ಸಿಗಲಿಲ್ಲವಂತೆ, ಪ್ರೋಗ್ರಾಮಿಗೆ ಬೇಕಾದ ಆ ಸಿದ್ಧ ಕೋಡಿನ ಕಟ್ಟನ್ನು ನಿನ್ನೆ ಅವಳೇ ಕೈಯಾರೆ ಯಂತ್ರಕ್ಕೆ ಹಾಕಿದ್ದು, ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಗಂಟೆ ಹನ್ನೊಂದು, ಮೂರಕ್ಕೆ ವ್ಯಾನು ಹೊರಡಬೇಕು, ನಾಳೆ ಕಣ್ಣು ಕಾಣದ ಮಕ್ಕಳಿಗೆ ಗಣಿತದ ಪರೀಕ್ಷೆ, ಅರವತ್ತೆರಡು ಪ್ರಶ್ನೆಪತ್ರಿಕೆ, ಅಕ್ಷರವನ್ನು ಬ್ರೈಲ್ ಚುಕ್ಕಿಗೆ ತಿರುಗಿಸುವ ಪ್ರೋಗ್ರಾಮು ಈ ಹೊಸ ಯೂನಿಕ್ಸ್ ಯಂತ್ರದಲ್ಲಿ ಕಂಪೈಲ್ ಆಗಿ ಓಡದಿದ್ದರೆ ಒಂದು ಹಾಳೆಯೂ ಹೊರಬರದು, ಹಳೆಯ ಯಂತ್ರ ಸೋಮವಾರವೇ ಕೈಕೊಟ್ಟಿತು, ಕೇಂದ್ರ ಕಚೇರಿಯ ಇಂಜಿನಿಯರ್ ಎರಡು ದಿನ ಕೂತು ನಿನ್ನೆ ಕೈಚೆಲ್ಲಿದ, ಇದು ಆಗೋದಲ್ಲ ಸರ್, ಹಳೇ ಪ್ರೋಗ್ರಾಮು, ಹೊಸದು ತರಿಸಿ, ತರಿಸುವುದಕ್ಕೆ ಮೂರು ತಿಂಗಳು, ನಾನು ನೋಡ್ತೀನಿ ಎಂದು ಇವಳು ಅಂದಾಗ ಅವನು ಮುದ್ರಣಾಲಯದ ಮುಖ್ಯಸ್ಥರನ್ನು ಕೇಳಿದ, ಇವರು ಟೈಪಿಸ್ಟ್ ಅಲ್ವಾ — ಹೌದಪ್ಪ, ಮನಸ್ಸಿನಲ್ಲೇ ಅಂದಳು, ಇಪ್ಪತ್ತಾರು ವರ್ಷದ ಹಿಂದೆ ಹಾಗೆಯೇ ಬಂದದ್ದು, ಊಟದ ಬಿಡುವಿನಲ್ಲಿ ಕಲಿತದ್ದು, ನೀನು ಆಗದೆಂದ ಪ್ರೋಗ್ರಾಮಿನಲ್ಲಿ ಅರ್ಧದಷ್ಟು ಸಾಲು ಬರೆದವಳು ಇವಳೇ, ಅವನು ಎದ್ದ ಕುರ್ಚಿಯಲ್ಲಿ ಕೂತಳು.

ಪಕ್ಕದ ಕುರ್ಚಿಯಲ್ಲಿ ಅಕ್ಕ, ಹುಟ್ಟಿನಿಂದ ಕಣ್ಣಿಲ್ಲದವಳು, ಈ ಮುದ್ರಣಾಲಯದ ಕರಡು ತಿದ್ದುವವಳು, ಏನಂತೆ ಪುಟ್ಟಿ ನಿನ್ನ ಯಂತ್ರ, ಸಿಗಲಿಲ್ಲ ಅಂತಿದೆ ಅಕ್ಕ, ಎಲ್ಲಿ ಹುಡುಕ್ತು ಅಂತ ಕೇಳು ಮೊದಲು — ಅಕ್ಕ ನಗುತ್ತಾಳೆ, ಆದರೆ ಮಾತು ಸರಿ, ಪರದೆಯ ಕೊನೆಯ ಸಾಲು ಬರೀ ಗೋಳು, ಕಾರಣ ಇರುವುದು ಯಂತ್ರ ತನ್ನ ಒಂದೊಂದು ಹೆಜ್ಜೆಯನ್ನೂ ಬರೆದಿಡುವ ಲಾಗ್ ಫೈಲಿನಲ್ಲಿ, ಎರಡು ಸಾವಿರ ಸಾಲು, ಮೇಲಿನಿಂದ ಓದುತ್ತಾಳೆ, ನೂಲು ಸಿಕ್ಕಾದಾಗ ಅಮ್ಮ ಅನ್ನುತ್ತಿದ್ದಳು, ಎಳೀಬೇಡ, ಮೊದಲ ಗಂಟು ಹುಡುಕು, ಇಗೋ ಏಳುನೂರ ಹದಿನಾಲ್ಕನೆಯ ಸಾಲು, ಹುಡುಕುವ ದಾರಿಯಲ್ಲಿ ಹಳೆಯ ಯಂತ್ರದ ಫೋಲ್ಡರಿನ ಹೆಸರು, ಇಂಜಿನಿಯರ್ ಹಳೆಯ ಸೆಟ್ಟಿಂಗನ್ನು ಹಾಗೆಯೇ ನಕಲಿಸಿದ್ದಾನೆ, ಕೆಡವಿದ ಮನೆಯ ವಿಳಾಸಕ್ಕೆ ಕಾಗದ ಹಾಕಿದ ಹಾಗೆ, ತಿದ್ದಿದಳು, ಮತ್ತೆ ಓಡಿಸಿದಳು — ಸಿಗಲಿಲ್ಲ — ಗಡಿಯಾರ ನೋಡಿದಳು, ಹನ್ನೆರಡೂವರೆ, ಮುಖ್ಯಸ್ಥರು ಬಾಗಿಲಲ್ಲಿ, ಪರೀಕ್ಷೆ ಮುಂದಕ್ಕೆ ಹಾಕಿ ಅಂತ ಶಾಲೆಗಳಿಗೆ ಫೋನ್ ಮಾಡಿಬಿಡಲಾ ಅಮ್ಮಾ, ಬೇಡ ಸರ್, ಅರ್ಧ ಗಂಟೆ ಕೊಡಿ, ಮುಂದಕ್ಕೆ ಹೋದರೆ ಈ ಮಕ್ಕಳಿಗೆ ಮಾತ್ರ ಬೇರೆ ದಿನ, ಅಕ್ಕ ಚಿಕ್ಕಂದಿನಲ್ಲಿ ಪರೀಕ್ಷೆ ಹಾಗೆಯೇ ಬರೆದವಳು, ಎಲ್ಲರೂ ರಜೆಗೆ ಹೋದಮೇಲೆ ಖಾಲಿ ಶಾಲೆಯಲ್ಲಿ ಒಬ್ಬಳೇ, ಹೊರಗೆ ಮೆಟ್ಟಿಲ ಮೇಲೆ ಪುಟ್ಟಿ ಕಾಯುತ್ತ — ತಡಿ, ಈ ಸಲ ಯಂತ್ರದ ಉತ್ತರ ಎಷ್ಟು ಬೇಗ ಬಂತು, ಹುಡುಕಿದ್ದರೆ ಇಷ್ಟು ಬೇಗ ಬರುತ್ತಿತ್ತೇ, ಹುಡುಕಿಯೇ ಇಲ್ಲ, ಮೊದಲ ಸಲ ಇಲ್ಲವೆಂದದ್ದನ್ನು ಒಂದು ಫೈಲಿನಲ್ಲಿ ಬರೆದಿಟ್ಟುಕೊಂಡು ಅದನ್ನೇ ಒಪ್ಪಿಸುತ್ತಿದೆ, ಇವಳಿಗೆ ಬರೀ ಟೈಪಿಂಗ್ ಬರತ್ತೆ ಎಂದು ಒಮ್ಮೆ ಬರೆದುಕೊಂಡವರ ಹಾಗೆ, ಅಳಿಸಿದಳು ಆ ಫೈಲನ್ನು, ಹಿಂದಿನ ಪ್ರಯತ್ನಗಳ ಅರೆಬೆಂದ ತುಣುಕುಗಳನ್ನೂ ಗುಡಿಸಿದಳು, ಮೊದಲಿನಿಂದ ಓಡಿಸಿದಳು, ಇದೆ, ಇದೆ, ಇದೆ, ಸಾಲುಗಳು ಓಡುತ್ತವೆ, ಒಂದೂ ತಪ್ಪಿಲ್ಲ, ಬೆನ್ನು ತಾನಾಗಿಯೇ ನೆಟ್ಟಗಾಯಿತು, ಬ್ರೈಲ್ ಪ್ರಿಂಟರ್ ಟಕಟಕ ಕುಟ್ಟತೊಡಗಿತು, ಮುಖ್ಯಸ್ಥರು ಫೋನಿನಲ್ಲಿ ಇಂಜಿನಿಯರಿಗೆ, ಹೂಂ ಕಣಪ್ಪ, ನಮ್ಮ ಟೈಪಿಸ್ಟೇ ಮಾಡಿದ್ದು, ಆಹಾ, ಆ ಪದ ಇಷ್ಟು ರುಚಿಯಾಗಿ ಕಿವಿಗೆ ಬಿದ್ದದ್ದು ಇದೇ ಮೊದಲು, ಆದರೆ ಚುಕ್ಕಿ ಸರಿಯಿದೆಯೇ, ಅದನ್ನು ಹೇಳಬೇಕಾದವಳು ಅಕ್ಕ, ಮೊದಲ ಹಾಳೆ ಅಕ್ಕನ ಮಡಿಲಿಗೆ, ತೋರುಬೆರಳು ಸಾಲಿನ ಮೇಲೆ ಹೊರಟಿತು, ಸಲೀಸಾಗಿ, ನಡುವೆ ಬೆರಳು ನಿಂತಿತು, ಇವಳು ಹಾಳೆಯತ್ತ ಬಾಗಿದಳು, ಅಂಕಿ ಕೆಟ್ಟಿತೇ, ಭಿನ್ನರಾಶಿಯ ಗುರುತು ಹೋಯಿತೇ, ಬೆರಳು ಹಿಂದಕ್ಕೆ ಬಂತು, ಮತ್ತೆ ಓದಿತು, ಮತ್ತೆ ಅಲ್ಲೇ ನಿಂತಿತು, ಏನಕ್ಕ, ತಪ್ಪಾಗಿದ್ಯಾ, ಸುಮ್ನಿರೇ, ಲೆಕ್ಕ ಮಾಡ್ತಿದೀನಿ, ಅಂದಳು ಅಕ್ಕ, ಉತ್ತರ ಐದು, ಚುಕ್ಕಿ ಎಲ್ಲಾ ಸರಿಯಾಗೇ ಇದೆ ಕಣೇ — ಬೆರಳು ಆಗಲೇ ಎರಡನೆಯ ಪ್ರಶ್ನೆಯ ಮೇಲೆ.